ಒಸಿಆರ್ ಬಿಟ್ಟ ಮೇಲೆ ಯಾವ ಫೆಲೋಶಿಪ್? ವಿದ್ಯಾರ್ಥಿಗಳ ಹಕ್ಕುಗಳ ಕೆಲಸ ಮುಂದುವರಿಸುವವರಿಗೆ ಒಂದು ಹೋಲಿಕೆ

2025ರ ಮಾರ್ಚ್ 11ರಂದು ಅಮೆರಿಕದ ಶಿಕ್ಷಣ ಇಲಾಖೆ ತನ್ನ ಸಿಬ್ಬಂದಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುವುದಾಗಿ ಪ್ರಕಟಿಸಿತು. ಶಾಲೆಗಳಲ್ಲಿನ ಭೇದಭಾವದ ದೂರುಗಳನ್ನು ತನಿಖೆ ಮಾಡುವ ಆ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ, ಅಂದರೆ ಒಸಿಆರ್, ತನ್ನ 12 ಪ್ರಾದೇಶಿಕ ಕಚೇರಿಗಳಲ್ಲಿ ಏಳನ್ನು ಕಳೆದುಕೊಂಡಿತು: ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಕ್ಲೀವ್‌ಲ್ಯಾಂಡ್, ಶಿಕಾಗೊ, ಡಲ್ಲಾಸ್, ಸ್ಯಾನ್ ಫ್ರಾನ್ಸಿಸ್ಕೊ. ಇದಕ್ಕೆ ಸ್ವಲ್ಪ ಹಿಂದೆ ಮುಗಿದ 2024ರ ಹಣಕಾಸು ವರ್ಷದಲ್ಲಿ ಆ ಕಚೇರಿಗೆ ಬಂದ ದೂರುಗಳು 22,687. ಅಷ್ಟೊಂದು ದೂರು ಹಿಂದೆಂದೂ ಬಂದಿರಲಿಲ್ಲ. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಜುಲೈ 14ರಂದು ಸುಪ್ರೀಂ ಕೋರ್ಟ್ ಇಲಾಖೆಯ ವಜಾ ಕ್ರಮ ಮುಂದುವರಿಯಲು ಬಿಟ್ಟಿತು. ಡಿಸೆಂಬರ್ ಹೊತ್ತಿಗೆ, ಸಂಬಳ ಕೊಟ್ಟು ಮನೆಯಲ್ಲೇ ಕೂರಿಸಿದ್ದ ಹಲವರನ್ನು ಬಾಕಿ ಬಿದ್ದ ದೂರುಗಳ ಕೆಲಸಕ್ಕೆ ಮರಳಿ ಕರೆಯಲಾಯಿತು.

ಹೀಗೆ ಹೊರಬಿದ್ದವರಲ್ಲಿ ವಕೀಲರಿದ್ದಾರೆ, ತನಿಖಾಧಿಕಾರಿಗಳಿದ್ದಾರೆ, ದತ್ತಾಂಶ ಬಲ್ಲವರಿದ್ದಾರೆ. ಇವರ ಅನುಭವ ವ್ಯರ್ಥವಾಗಬಾರದೆಂದು ಸೇವಾಸಂಸ್ಥೆಗಳು, ಕಾನೂನು ಕಾಲೇಜುಗಳು, ರಾಜ್ಯ ಸರ್ಕಾರಗಳು ಒಂದೆರಡು ವರ್ಷದ ಫೆಲೋಶಿಪ್ ರೂಪದಲ್ಲಿ ಜಾಗ ಮಾಡಿಕೊಡಬಹುದು. ಅಂಥ ಅವಕಾಶಗಳ ನಡುವೆ ಆರಿಸಿಕೊಳ್ಳಬೇಕಾದವರಿಗೆ ಈ ಬರಹ. ಫೆಡರಲ್ (ಕೇಂದ್ರ ಸರ್ಕಾರದ) ಸೇವೆಯಲ್ಲಿದ್ದ ಕನ್ನಡಿಗರಿಗೂ, ಇಂಥ ಫೆಲೋ ಒಬ್ಬರಿಗೆ ಹಣ ಹೊಂದಿಸಲು ಮುಂದಾಗುವ ಕನ್ನಡ ಸಂಘಗಳಿಗೂ ಇದು ಉಪಯೋಗಕ್ಕೆ ಬಂದೀತು.

ಅಳೆಯಬೇಕಾದ ಮುಖ್ಯ ಸಂಗತಿ

ಹೆಚ್ಚಿನವರು ಮೊದಲು ಸ್ಟೈಪೆಂಡ್ (ಫೆಲೋಗೆ ಕೊಡುವ ಭತ್ಯೆ) ನೋಡುತ್ತಾರೆ, ಆಮೇಲೆ ಸಂಸ್ಥೆಯ ಹೆಸರು. ನಮ್ಮ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಶಾಲೆಯಿಂದ ದಾಖಲೆ ಕೇಳಿ ಪಡೆಯುವ ಬಲ ಆ ಜಾಗದಲ್ಲಿ ಎಷ್ಟಿದೆ?

ಒಸಿಆರ್‌ನಲ್ಲಿದ್ದಾಗ ಒಂದು ಪತ್ರ ಸಾಕಿತ್ತು. ಫೆಡರಲ್ ಹಣ ಪಡೆಯುವ ಶಾಲಾ ಜಿಲ್ಲೆ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಅಮಾನತು ಪಟ್ಟಿ, ಮಿಂಚಂಚೆ, ತರಬೇತಿ ದಾಖಲೆ, ಹಿಂದಿನ ದೂರುಗಳು ಎಲ್ಲವನ್ನೂ ಒದಗಿಸಲೇಬೇಕಿತ್ತು. ಪೋಷಕರು ಒಂದು ಡಾಲರ್ ಖರ್ಚು ಮಾಡಬೇಕಿರಲಿಲ್ಲ, ವಕೀಲರನ್ನು ಹಿಡಿಯಬೇಕಿರಲಿಲ್ಲ. ಒಬ್ಬ ಕಪ್ಪು ವಿದ್ಯಾರ್ಥಿಗೆ ಹತ್ತು ದಿನ ಅಮಾನತು, ಅದೇ ತಪ್ಪಿಗೆ ಮತ್ತೊಬ್ಬನಿಗೆ ಬರಿಯ ಎಚ್ಚರಿಕೆ ಎಂಬುದು ಗೊತ್ತಾಗುವುದೇ ಇಡೀ ಜಿಲ್ಲೆಯ ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ. ಕೆಲಸ ಬಿಟ್ಟ ದಿನವೇ ಆ ಬಲ ಹೋಗುತ್ತದೆ. ಪರಿಣತಿ ಉಳಿಯುತ್ತದೆ, ಆದರೆ ದಾಖಲೆ ಇಲ್ಲದ ಪರಿಣತಿಯಿಂದ ಮಗುವಿಗೆ ಆಗುವ ಉಪಕಾರ ಕಡಿಮೆ.

ಇನ್ನೊಂದು ಕಾರಣವೂ ಇದೆ. 2001ರ ಅಲೆಕ್ಸಾಂಡರ್ ವಿರುದ್ಧ ಸ್ಯಾಂಡೊವಲ್ ತೀರ್ಪಿನ ನಂತರ, ನಿಯಮ ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ಆಗಿದ್ದು ಅದರ ಪೆಟ್ಟು ಮಾತ್ರ ಒಂದು ಜನಾಂಗದ ಮೇಲೆ ಹೆಚ್ಚು ಬೀಳುವ ಪ್ರಕರಣಗಳಲ್ಲಿ ಖಾಸಗಿ ವ್ಯಕ್ತಿಗಳು ಟೈಟಲ್ 6ರ (ಜನಾಂಗ, ಬಣ್ಣ, ಮೂಲದೇಶದ ಭೇದವನ್ನು ನಿಷೇಧಿಸುವ ಕಾನೂನು) ಅಡಿ ದಾವೆ ಹೂಡುವಂತಿಲ್ಲ. ಉದ್ದೇಶಪೂರ್ವಕ ಭೇದವನ್ನೇ ಸಾಬೀತು ಮಾಡಬೇಕು. 2022ರ ಕಮ್ಮಿಂಗ್ಸ್ ತೀರ್ಪು ಸೆಕ್ಷನ್ 504 (ಅಂಗವೈಕಲ್ಯದ ಭೇದ), ಟೈಟಲ್ 6, ಟೈಟಲ್ 9 (ಲಿಂಗಭೇದ) ಇಂಥ ಕಾನೂನುಗಳಲ್ಲಿ ಮಾನಸಿಕ ಯಾತನೆಗೆ ಪರಿಹಾರ ಸಿಗುವ ದಾರಿಯನ್ನೂ ಮುಚ್ಚಿತು. ಕಿರುಕುಳಕ್ಕೊಳಗಾದ ಮಗುವಿಗೆ ಆಸ್ಪತ್ರೆಯ ಬಿಲ್ಲಾಗಲಿ ಬೇರೆ ನಷ್ಟವಾಗಲಿ ಇಲ್ಲದಿದ್ದರೆ ಖಾಸಗಿ ವಕೀಲರು ಆ ಪ್ರಕರಣ ಮುಟ್ಟುವುದು ಅಪರೂಪ. ಹಾಗಾಗಿ ನ್ಯಾಯಾಲಯವೊಂದೇ ದಾರಿ ಎಂದುಕೊಂಡ ಫೆಲೋಶಿಪ್ ಒಸಿಆರ್ ಮಾಡುತ್ತಿದ್ದ ಕೆಲಸದ ಸಣ್ಣ ಭಾಗವನ್ನಷ್ಟೇ ತುಂಬೀತು.

ಸಹಿ ಹಾಕುವ ಮುನ್ನ: ನೀವು ನಿಜಕ್ಕೂ "ಮಾಜಿ"ಯೇ?

ಸಂಬಳ ಸಹಿತ ಆಡಳಿತಾತ್ಮಕ ರಜೆಯಲ್ಲಿರುವವರು ಇನ್ನೂ ಫೆಡರಲ್ ನೌಕರರೇ. ಅವರು ಯಾವುದೇ ಪೋಷಕರ ಪರವಾಗಿ ಫೆಡರಲ್ ಕಚೇರಿಯ ಮುಂದೆ ವಾದಿಸುವುದನ್ನು ಅಮೆರಿಕದ ಕಾನೂನು ಸಂಹಿತೆಯ 18ನೇ ಭಾಗದ ಸೆಕ್ಷನ್ 205 ನಿಷೇಧಿಸುತ್ತದೆ. ಸಂಬಳ ತೆಗೆದುಕೊಳ್ಳದೆ ಮಾಡಿದರೂ ಅದು ತಪ್ಪೇ. ರಜೆಯಲ್ಲಿರುವಾಗಲೇ ಫೆಲೋಶಿಪ್ ಶುರು ಮಾಡಿ ಒಸಿಆರ್‌ಗೆ ದೂರು ಬರೆದುಕೊಟ್ಟರೆ ಕ್ರಿಮಿನಲ್ ಹೊಣೆ ಬರಬಹುದು. ಬೇರ್ಪಟ್ಟ ದಿನಾಂಕ ನಮೂದಾಗಿರುವ ಎಸ್‌ಎಫ್-50 ಕಾಗದ ಕೈಗೆ ಬರುವವರೆಗೆ ಕೆಲಸದ ಆರಂಭದ ದಿನ ಬರೆಸಿಕೊಳ್ಳಬೇಡಿ.

ಪೂರ್ತಿ ಹೊರಬಂದವರಿಗೆ ಸೆಕ್ಷನ್ 207 ಅನ್ವಯಿಸುತ್ತದೆ. ನೀವು ಖುದ್ದಾಗಿ, ಗಣನೀಯವಾಗಿ ಕೈಯಾಡಿಸಿದ ನಿರ್ದಿಷ್ಟ ಪ್ರಕರಣದಲ್ಲಿ ಬೇರೆಯವರ ಪರವಾಗಿ ಫೆಡರಲ್ ಕಚೇರಿಯನ್ನೋ ನ್ಯಾಯಾಲಯವನ್ನೋ ಸಂಪರ್ಕಿಸಿ ಪ್ರಭಾವ ಬೀರುವಂತಿಲ್ಲ. ಈ ನಿಷೇಧ ಜೀವನಪರ್ಯಂತ. ಕೊನೆಯ ಒಂದು ವರ್ಷದಲ್ಲಿ ನಿಮ್ಮ ಮೇಲ್ವಿಚಾರಣೆಯಲ್ಲಿ ಬಾಕಿ ಇದ್ದ ಪ್ರಕರಣಗಳಿಗೆ ಎರಡು ವರ್ಷದ ನಿಷೇಧ. ತಂಡದ ಮುಖ್ಯಸ್ಥರಾಗಿದ್ದವರಿಗೆ ಈ ಎರಡನೆಯದು ಭಾರಿ ತೊಡಕು, ಏಕೆಂದರೆ ತಾವು ಕಡತವನ್ನೇ ತೆರೆಯದ ಪ್ರಕರಣವೂ ಅದರೊಳಗೆ ಬರುತ್ತದೆ. ತೆರೆಮರೆಯಲ್ಲಿ ಸಲಹೆ ಕೊಡುವುದಕ್ಕೆ ಈ ಸೆಕ್ಷನ್ ಸಾಮಾನ್ಯವಾಗಿ ಅಡ್ಡಿಯಾಗದು. ಆದರೆ ವಕೀಲರಾಗಿದ್ದರೆ ವೃತ್ತಿ ನಿಯಮ 1.11 ಅದಕ್ಕಿಂತ ಬಿಗಿ: ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಅದೇ ವಿಷಯದಲ್ಲಿ ಯಾರ ಪರವಾಗಿಯೂ ನಿಲ್ಲುವಂತಿಲ್ಲ, ರಾಜ್ಯದ ಕಚೇರಿಯ ಮುಂದೆಯೂ ಕೂಡ.

ಇದರ ಪರಿಣಾಮ ನೇರ. ನೀವು ಶಿಕಾಗೊ ಕಚೇರಿಯಲ್ಲಿ ಹತ್ತು ವರ್ಷ ಇಲಿನಾಯ್ ಶಾಲೆಗಳನ್ನೇ ನೋಡಿದ್ದರೆ, ಶಿಕಾಗೊದಲ್ಲೇ ಇರುವ ಫೆಲೋಶಿಪ್‌ನಲ್ಲಿ ಕೈಕಟ್ಟಿ ಕೂರಬೇಕಾದ ಸಂದರ್ಭ ಹೆಚ್ಚು. ಬೇರೆ ಪ್ರದೇಶದಲ್ಲಿ ಕಡಿಮೆ. ಇಲಾಖೆಯ ಎಥಿಕ್ಸ್ (ನೌಕರರ ನಡವಳಿಕೆ ನಿಯಮಗಳ) ಸಲಹಾಧಿಕಾರಿಯಿಂದ ಲಿಖಿತ ಅಭಿಪ್ರಾಯ ತರಿಸಿಕೊಳ್ಳಿ. ಜೊತೆಗೆ ನೆನಪಿನಿಂದಲೇ ಜಿಲ್ಲೆಗಳ ಹೆಸರಿನ ಪಟ್ಟಿ ಮಾಡಿ ಹೊಸ ಸಂಸ್ಥೆಗೆ ಕೊಡಿ. ವಿದ್ಯಾರ್ಥಿಯ ಹೆಸರು, ದೂರಿನ ವಿವರ ಅದರಲ್ಲಿ ಇರಬಾರದು. ಹಳೆಯ ಕಡತದ ಒಂದೇ ಒಂದು ಪುಟವೂ ನಿಮ್ಮ ಲ್ಯಾಪ್‌ಟಾಪಿನಲ್ಲಿ ಉಳಿದಿರಬಾರದು.

ಎಲ್ಲಿ ಸೇರಿದರೆ ಏನು ಸಿಗುತ್ತದೆ

ರಾಜ್ಯ ಸರ್ಕಾರದ ಕಚೇರಿ. ಅಟಾರ್ನಿ ಜನರಲ್ ಕಚೇರಿಯ ನಾಗರಿಕ ಹಕ್ಕು ವಿಭಾಗ, ರಾಜ್ಯದ ಮಾನವ ಹಕ್ಕು ಇಲಾಖೆ ಅಥವಾ ರಾಜ್ಯ ಶಿಕ್ಷಣ ಇಲಾಖೆಯ ದೂರು ಘಟಕ ಈ ಗುಂಪಿಗೆ ಸೇರುತ್ತವೆ. ಒಸಿಆರ್ ಕೆಲಸಕ್ಕೆ ಅತ್ಯಂತ ಹತ್ತಿರವಾದದ್ದು ಇದೇ, ಏಕೆಂದರೆ ದಾಖಲೆ ಕೇಳುವ ಅಧಿಕಾರ ಕಾನೂನಿನಿಂದಲೇ ಬರುತ್ತದೆ. ಮಿನೆಸೋಟದ ಮಾನವ ಹಕ್ಕು ಇಲಾಖೆ 2018ರಲ್ಲಿ ಅಮಾನತುಗಳಲ್ಲಿನ ತಾರತಮ್ಯ ಹಿಡಿದು ಹಲವು ಶಾಲಾ ಜಿಲ್ಲೆಗಳಿಂದ ಒಪ್ಪಂದ ಮಾಡಿಸಿಕೊಂಡಿತು. ಸ್ಯಾಂಡೊವಲ್ ನಂತರ ಖಾಸಗಿಯವರಿಂದ ಆಗದ ಕೆಲಸ ಅದು. ನ್ಯೂಯಾರ್ಕ್‌ನ ಮಾನವ ಹಕ್ಕು ವಿಭಾಗದ ವ್ಯಾಪ್ತಿಗೆ 2019ರಿಂದ ಸರ್ಕಾರಿ ಶಾಲೆಗಳೂ ಬಂದಿವೆ. ಕ್ಯಾಲಿಫೋರ್ನಿಯಾದಲ್ಲಿ ಏಕರೂಪ ದೂರು ಪದ್ಧತಿ ಮೊದಲಿನಿಂದ ಇದೆ: ಭೇದಭಾವದ ದೂರನ್ನು 6 ತಿಂಗಳೊಳಗೆ ಕೊಡಬೇಕು, ಜಿಲ್ಲೆ 60 ದಿನದಲ್ಲಿ ಉತ್ತರಿಸಬೇಕು, ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ರಾಜ್ಯಕ್ಕೆ ಮೇಲ್ಮನವಿ. 2025ರಲ್ಲಿ ಎಬಿ 715 ಮಸೂದೆಯ ಮೂಲಕ ಆ ರಾಜ್ಯ ತನ್ನದೇ ನಾಗರಿಕ ಹಕ್ಕುಗಳ ಕಚೇರಿಗೆ ಕಾನೂನು ಮಾಡಿತು.

ಇಲ್ಲಿ ಎಡವುವುದು ಎಲ್ಲಿ ಅಂದರೆ, ರಾಜ್ಯದಿಂದ ರಾಜ್ಯಕ್ಕೆ ಅಧಿಕಾರದಲ್ಲಿ ಅಜಗಜಾಂತರ. ಕೆಲವು ಕಡೆ ದೂರು ಬಂದರಷ್ಟೇ ತನಿಖೆ; ಕೆಲವು ಕಡೆ ತಾವಾಗಿಯೇ ತನಿಖೆ ಆರಂಭಿಸಬಹುದು. ಸಂದರ್ಶನದಲ್ಲಿ ಮೂರು ಪ್ರಶ್ನೆ ಕೇಳಿ: ದೂರಿಲ್ಲದೆ ತನಿಖೆ ತೆರೆಯಬಹುದೇ? ಶಾಲೆ ದಾಖಲೆ ಕೊಡದಿದ್ದರೆ ನ್ಯಾಯಾಲಯಕ್ಕೆ ಹೋಗುವವರು ಯಾರು? ಒಪ್ಪಂದವಾದ ಮೇಲೆ ಉಸ್ತುವಾರಿ ನೋಡುವವರು ಯಾರು? ಮೂರನೆಯದಕ್ಕೆ ಉತ್ತರ ತೊದಲಿದರೆ ಎಚ್ಚರಿಕೆ ವಹಿಸಿ. ಒಸಿಆರ್ ಒಪ್ಪಂದಗಳಿಗೆ ಬೆಲೆ ಬಂದದ್ದೇ ಸಹಿಯ ನಂತರ ವರ್ಷಗಟ್ಟಲೆ ಬೆನ್ನು ಹತ್ತಿದ್ದರಿಂದ. ಫೆಡರಲ್ ನೌಕರರನ್ನು ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳ ಕೆಲಸಕ್ಕೆ ಜೋಡಿಸುವ ವರ್ಕ್ ಫಾರ್ ಅಮೆರಿಕ ಸಂಸ್ಥೆಯ ಸಿವಿಕ್ ಮ್ಯಾಚ್ ಯೋಜನೆಯನ್ನೂ ನೋಡಬಹುದು.

ಅಂಗವೈಕಲ್ಯ ಹಕ್ಕು ರಕ್ಷಣಾ ಸಂಸ್ಥೆಗಳು. ಪಿ ಅಂಡ್ ಎ ಎಂದು ಕರೆಯುವ ಈ ಸಂಸ್ಥೆಗಳು ಪ್ರತಿ ರಾಜ್ಯದಲ್ಲೂ ಇವೆ. ರಾಜ್ಯಗಳು, ಅಧೀನ ಪ್ರದೇಶಗಳು ಎಲ್ಲ ಸೇರಿ 57. ಅರ್ಜಿ ಹಾಕುವವರು ಇವನ್ನು ಮರೆಯುವುದೇ ಹೆಚ್ಚು. ನಮ್ಮ ದೃಷ್ಟಿಯಲ್ಲಿ ಸೆಕ್ಷನ್ 504 ಬಲ್ಲವರಿಗೆ ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ. ಹೆಚ್ಚಿನವು ಖಾಸಗಿ ಸಂಸ್ಥೆಗಳಾದರೂ ಫೆಡರಲ್ ಕಾನೂನು ಇವುಗಳಿಗೆ ವಿಶೇಷ ಅಧಿಕಾರ ಕೊಟ್ಟಿದೆ. ಅಂಗವೈಕಲ್ಯವುಳ್ಳ ಮಗುವಿನ ಮೇಲೆ ದೌರ್ಜನ್ಯವೋ ನಿರ್ಲಕ್ಷ್ಯವೋ ನಡೆದಿದೆ ಎಂದು ನಂಬಲು ಸಾಕಷ್ಟು ಕಾರಣವಿದ್ದರೆ ಸ್ಥಳಕ್ಕೆ ಹೋಗಿ ನೋಡಬಹುದು, ದಾಖಲೆ ಕೇಳಬಹುದು. ಮಗುವನ್ನು ಕೋಣೆಯಲ್ಲಿ ಒಂಟಿಯಾಗಿ ಕೂಡಿಹಾಕಿದ, ಬಲವಂತವಾಗಿ ಹಿಡಿದು ಅದುಮಿದ ಪ್ರಕರಣಗಳಲ್ಲಿ ಇದು ನಿರ್ಣಾಯಕ. ಶಾಲೆಗಳು ವಿದ್ಯಾರ್ಥಿ ಗೌಪ್ಯತೆಯ ಕಾನೂನು ಫೆರ್ಪಾವನ್ನು ಮುಂದಿಟ್ಟು ಬಾಗಿಲು ಹಾಕುವುದುಂಟು. ಅದಕ್ಕೆ ಉತ್ತರ ಬರೆಯಲು ಒಸಿಆರ್‌ನಲ್ಲಿ ಪಳಗಿದವರೇ ಬೇಕು. ಮಿತಿ ಎರಡು: ಜನಾಂಗ, ಲಿಂಗ, ಭಾಷೆಯ ಭೇದದ ಪ್ರಕರಣಗಳು ಇಲ್ಲಿಗೆ ಬರುವುದಿಲ್ಲ, ಹಣದ ದೊಡ್ಡ ಪಾಲು ಫೆಡರಲ್ ಅನುದಾನ, ಆದ್ದರಿಂದ ನಿಮ್ಮ ಹುದ್ದೆಗೆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಲೇಬೇಕು.

ದಾವೆ ಹೂಡುವ ಸೇವಾಸಂಸ್ಥೆಗಳು. ಇಲ್ಲಿ ದಾಖಲೆ ಸಿಗುವುದು ಮೊಕದ್ದಮೆ ಹೂಡಿ, ಅದು ಆರಂಭದಲ್ಲೇ ವಜಾ ಆಗದೆ ಉಳಿದ ಮೇಲೆ. ಅದಕ್ಕೆ ಮುಂಚೆ ಪೋಷಕರ ಹಕ್ಕುಗಳೇ ಆಧಾರ: ಫೆರ್ಪಾ ಪ್ರಕಾರ ತಮ್ಮ ಮಗುವಿನ ದಾಖಲೆಯನ್ನು 45 ದಿನದೊಳಗೆ ನೋಡುವ ಹಕ್ಕು, ಮತ್ತು ರಾಜ್ಯದ ಸಾರ್ವಜನಿಕ ದಾಖಲೆ ಕಾನೂನು. ಹೋಲಿಕೆಗೆ ಬೇಕಾದ ಬೇರೆ ಮಕ್ಕಳ ದಾಖಲೆ ಫೆರ್ಪಾದಲ್ಲಿ ಸಿಗದು. ಆದರೂ ಗೆದ್ದಾಗ ಸಿಗುವ ಫಲ ದೊಡ್ಡದು. 2025ರ ಜೂನ್‌ನಲ್ಲಿ ಎ.ಜೆ.ಟಿ. ವಿರುದ್ಧ ಓಸಿಯೊ ಶಾಲಾ ಜಿಲ್ಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಾಲೆಯ ಮಕ್ಕಳು ಅಂಗವೈಕಲ್ಯ ಭೇದ ಸಾಬೀತು ಮಾಡಲು ಉಳಿದವರಿಗಿಂತ ಹೆಚ್ಚಿನ ಹೊರೆ ಹೊರಬೇಕಿಲ್ಲ ಎಂದು ಸರ್ವಾನುಮತದಿಂದ ಹೇಳಿತು. 2023ರ ಪೆರೆಜ್ ತೀರ್ಪಿನಿಂದ ಹಣದ ಪರಿಹಾರ ಕೇಳುವವರು ವಿಶೇಷ ಶಿಕ್ಷಣದ ವಿಚಾರಣಾ ಹಂತಗಳನ್ನೆಲ್ಲ ಮುಗಿಸಿ ಬರಬೇಕಾಗಿಲ್ಲ. ಹೀಗಾಗಿ ಅಂಗವೈಕಲ್ಯದ ದಾವೆಗಳಿಗೆ ಈಗ ಬಾಗಿಲು ಹಿಂದಿಗಿಂತ ಅಗಲವಾಗಿದೆ. ಎಲ್‌ಎಸ್‌ಸಿ (ಬಡವರ ಕಾನೂನು ನೆರವಿಗೆ ಫೆಡರಲ್ ಹಣ ಹಂಚುವ ಸಂಸ್ಥೆ) ಅನುದಾನ ಪಡೆಯುವ ಕಾನೂನು ನೆರವು ಕೇಂದ್ರವಾದರೆ ಒಂದು ಎಚ್ಚರಿಕೆ: 1996ರಿಂದ ಅವು ಸಾಮೂಹಿಕ ದಾವೆ ಹೂಡುವಂತಿಲ್ಲ. ಇಡೀ ಜಿಲ್ಲೆಯ ಪದ್ಧತಿಯನ್ನು ಬದಲಿಸುವ ಆಸೆಯಿಂದ ಸೇರುವವರು ಅಲ್ಲಿ ನಿರಾಶರಾಗುತ್ತಾರೆ.

ಕಾನೂನು ಕಾಲೇಜಿನ ಕ್ಲಿನಿಕ್‌ಗಳಲ್ಲಿ, ಅಂದರೆ ವಿದ್ಯಾರ್ಥಿಗಳು ಮೇಲ್ವಿಚಾರಣೆಯಲ್ಲಿ ನಿಜವಾದ ಪ್ರಕರಣ ನಡೆಸುವ ಘಟಕಗಳಲ್ಲಿ, ಕಲಿಸುವ ಸುಖವಿದೆ, ವಿಶ್ವವಿದ್ಯಾಲಯದ ವಿಮೆ ಇದೆ. ಪ್ರಕರಣಗಳ ಸಂಖ್ಯೆ ಕಡಿಮೆ, ಸೆಮಿಸ್ಟರ್ ಮುಗಿದಾಗ ವಿದ್ಯಾರ್ಥಿಗಳು ಬದಲಾಗುತ್ತಾರೆ. ಕ್ಲಿನಿಕ್ ಇರುವ ವಿಶ್ವವಿದ್ಯಾಲಯದ ಮೇಲೆಯೇ ಟೈಟಲ್ 6 ಅಥವಾ ಟೈಟಲ್ 9 ದೂರು ಇದ್ದರೆ ಹಿತಾಸಕ್ತಿ ಸಂಘರ್ಷ ಬರುತ್ತದೆ.

ನೀತಿ ಸಂಶೋಧನಾ ಸಂಸ್ಥೆಗಳು ದತ್ತಾಂಶ ತಜ್ಞರಿಗೆ ಮಾತ್ರ ಸರಿ. ಇಲಾಖೆಯ ನಾಗರಿಕ ಹಕ್ಕು ದತ್ತಾಂಶ ಸಂಗ್ರಹದಲ್ಲಿ ದೇಶದ ಸರ್ಕಾರಿ ಶಾಲೆಗಳ ಅಮಾನತು, ಬಲವಂತದ ಹಿಡಿತ, ಉನ್ನತ ಗಣಿತ ಕೋರ್ಸುಗಳ ಅಂಕಿಗಳಿವೆ. 2021-22ರ ಅಂಕಿಗಳು 2025ರ ಜನವರಿಯಲ್ಲಿ ಹೊರಬಂದವು. ಅದರಲ್ಲಿ ಸೊನ್ನೆ ಎಂದು ಬರೆದ ಜಿಲ್ಲೆ ನಿಜಕ್ಕೂ ಸೊನ್ನೆಯೇ, ವರದಿಯನ್ನೇ ಮಾಡಿಲ್ಲವೇ ಎಂದು ಗುರುತಿಸುವ ಕಣ್ಣು ಒಳಗೆ ಕೆಲಸ ಮಾಡಿದವರಿಗೆ ಇರುತ್ತದೆ.

ವಕೀಲರಲ್ಲದ ತನಿಖಾಧಿಕಾರಿಗಳು ಏನು ಮಾಡಬಹುದು

ಫೆಲೋಶಿಪ್ ಪ್ರಕಟಣೆಗಳು "ವಕೀಲರು" ಎಂದೇ ಶುರುವಾಗುವುದರಿಂದ ಅರ್ಹ ತನಿಖಾಧಿಕಾರಿಗಳು ಅರ್ಜಿಯನ್ನೇ ಹಾಕುವುದಿಲ್ಲ. ಇದು ನಷ್ಟ. ವಿಶೇಷ ಶಿಕ್ಷಣ ಕಾನೂನು ಐಡಿಇಎ ಅಡಿ ರಾಜ್ಯಕ್ಕೆ ದೂರು ಕೊಡಲು ವಕೀಲರಾಗಬೇಕಿಲ್ಲ, ಆ ಮಗುವಿನ ಪೋಷಕರೂ ಆಗಬೇಕಿಲ್ಲ. ಯಾವುದೇ ವ್ಯಕ್ತಿ ಅಥವಾ ಸಂಸ್ಥೆ ಕೊಡಬಹುದು. ಘಟನೆ ನಡೆದ ಒಂದು ವರ್ಷದೊಳಗೆ ಕೊಟ್ಟರೆ ರಾಜ್ಯ ಸಾಮಾನ್ಯವಾಗಿ 60 ದಿನದಲ್ಲಿ ಲಿಖಿತ ತೀರ್ಮಾನ ಹೇಳಬೇಕು. ಇಡೀ ಜಿಲ್ಲೆಯ ಪದ್ಧತಿಯ ಮೇಲೂ ದೂರು ಕೊಡಬಹುದು. ಒಬ್ಬ ಒಳ್ಳೆಯ ತನಿಖಾಧಿಕಾರಿ ಘಟನೆಗಳನ್ನು ದಿನಾಂಕದ ಸಾಲಿನಲ್ಲಿ ಜೋಡಿಸಿ, ಪ್ರತಿ ಆರೋಪದ ಮುಂದೆ ನಿಯಮವನ್ನೂ ಪುರಾವೆಯನ್ನೂ ಇಟ್ಟು ಬರೆದ ದೂರನ್ನು ರಾಜ್ಯ ಸುಲಭವಾಗಿ ತಳ್ಳಿಹಾಕಲಾರದು. ಒಸಿಆರ್‌ಗೆ ದೂರು ಕೊಡಲೂ ವಕೀಲಿಕೆ ಬೇಕಿಲ್ಲ, ಸೆಕ್ಷನ್ 207ರ ಮಿತಿ ಮಾತ್ರ ನೆನಪಿರಲಿ. ಐಡಿಇಎ ವಿಚಾರಣೆಯಲ್ಲಿ ವಕೀಲರಲ್ಲದವರು ಪೋಷಕರ ಪರ ವಾದಿಸಬಹುದೇ ಎಂಬುದು ರಾಜ್ಯದ ಕಾನೂನಿಗೆ ಬಿಟ್ಟದ್ದು. ಅದನ್ನು ನೋಡದೆ ಒಪ್ಪಿಕೊಂಡರೆ ಅನಧಿಕೃತ ವಕೀಲಿಕೆಯ ಆರೋಪ ಬಂದೀತು.

ವಕೀಲರ ಕಷ್ಟ ಬೇರೆ ರೀತಿಯದು. ಫೆಡರಲ್ ಕೆಲಸಕ್ಕೆ ಯಾವ ರಾಜ್ಯದ ಪರವಾನಗಿ ಇದ್ದರೂ ನಡೆಯುತ್ತಿತ್ತು. ಹೊರಗೆ ನಡೆಯದು. ಹಲವು ರಾಜ್ಯಗಳು ಹಿಂದಿನ ಏಳು ವರ್ಷಗಳಲ್ಲಿ ಐದು ವರ್ಷ ವಕೀಲಿಕೆ ಮಾಡಿದವರನ್ನು ಪರೀಕ್ಷೆಯಿಲ್ಲದೆ ಸೇರಿಸಿಕೊಳ್ಳುತ್ತವೆ, ಕ್ಯಾಲಿಫೋರ್ನಿಯಾ ಸೇರಿಸಿಕೊಳ್ಳುವುದಿಲ್ಲ. ಅಲ್ಲಿ ಕಾನೂನು ನೆರವು ಸಂಸ್ಥೆಗಳ ವಕೀಲರಿಗೆ ಪ್ರತ್ಯೇಕ ನೋಂದಣಿಯ ದಾರಿ ಇದೆ. ಯಾವ ದಾರಿಯಾದರೂ ತಿಂಗಳುಗಟ್ಟಲೆ ಹಿಡಿಯುತ್ತದೆ, ಆದ್ದರಿಂದ ಅರ್ಜಿಯನ್ನು ಫೆಲೋಶಿಪ್ ಪತ್ರ ಬರುವ ಮುಂಚೆಯೇ ಹಾಕಿಡಿ. ಹೆಸರಾಂತ ಸ್ಕ್ಯಾಡನ್ ಫೆಲೋಶಿಪ್ ಕಾನೂನು ಪದವಿ ಮುಗಿಸುತ್ತಿರುವವರಿಗೂ ನ್ಯಾಯಾಧೀಶರ ಬಳಿ ಕ್ಲರ್ಕ್ ಆಗಿ ಹೊರಬರುವವರಿಗೂ ಮೀಸಲು. ಹದಿನೈದು ವರ್ಷ ಅನುಭವವಿರುವವರು ಅದರ ಹಿಂದೆ ಬೀಳುವುದು ಬೇಡ.

ಹಣದ ಲೆಕ್ಕ

ಸ್ಟೈಪೆಂಡ್ ಮೊತ್ತಕ್ಕಿಂತ ಅದು ಯಾವ ರೂಪದಲ್ಲಿ ಬರುತ್ತದೆ ಎಂಬುದು ಮುಖ್ಯ. ಸಂಬಳದ ನೌಕರರಾಗಿ ಡಬ್ಲ್ಯು-2 ತೆರಿಗೆ ಪತ್ರ ಪಡೆಯುತ್ತೀರೋ, ಗುತ್ತಿಗೆದಾರರಾಗಿ 1099 ಪತ್ರ ಪಡೆಯುತ್ತೀರೋ ಕೇಳಿ. ವರ್ಷಕ್ಕೆ 80,000 ಡಾಲರ್ ಗುತ್ತಿಗೆ ಹಣವಾದರೆ ಸ್ವಉದ್ಯೋಗ ತೆರಿಗೆಯೇ ಸುಮಾರು 11,300 ಡಾಲರ್. ಆದಾಯ ತೆರಿಗೆ ಅದರ ಮೇಲೆ, ಅದನ್ನೂ ಮೂರು ತಿಂಗಳಿಗೊಮ್ಮೆ ನೀವೇ ಕಟ್ಟಬೇಕು. ವಿದ್ಯಾಭ್ಯಾಸದ ಸಾಲವಿರುವವರಿಗೆ ಇನ್ನೊಂದು ಪೆಟ್ಟು. ಸಾರ್ವಜನಿಕ ಸೇವೆಯಲ್ಲಿರುವವರಿಗಿರುವ ಪಿಎಸ್‌ಎಲ್‌ಎಫ್ ಸಾಲಮನ್ನಾಕ್ಕೆ 120 ಕಂತು ಬೇಕು, ಆ ಕಂತುಗಳ ಕಾಲದಲ್ಲಿ ಸರ್ಕಾರದ ಅಥವಾ 501(ಸಿ)(3) ಸಂಸ್ಥೆಯ (ತೆರಿಗೆ ವಿನಾಯಿತಿ ಪಡೆದ ಸೇವಾಸಂಸ್ಥೆ) ನೌಕರರಾಗಿ ವಾರಕ್ಕೆ ಸರಾಸರಿ 30 ಗಂಟೆಯಾದರೂ ದುಡಿಯುತ್ತಿರಬೇಕು. ಬರಿಯ ಸ್ಟೈಪೆಂಡ್ ಪಡೆಯುವ ಫೆಲೋಗೆ ಆ ತಿಂಗಳುಗಳು ಲೆಕ್ಕಕ್ಕೆ ಬಾರದೆ ಹೋಗಬಹುದು.

ಫೆಡರಲ್ ಆರೋಗ್ಯ ವಿಮೆ ಬೇರ್ಪಟ್ಟ ಮೇಲೆ 31 ದಿನ ಉಚಿತವಾಗಿ ಮುಂದುವರಿಯುತ್ತದೆ. ಬಳಿಕ 18 ತಿಂಗಳವರೆಗೆ ಇಟ್ಟುಕೊಳ್ಳಬಹುದು, ಆದರೆ ಸರ್ಕಾರದ ಪಾಲನ್ನೂ ಸೇರಿಸಿ ಪ್ರೀಮಿಯಂನ 102 ಶೇಕಡಾ ನೀವೇ ಕಟ್ಟಬೇಕು. ಕುಟುಂಬದ ವಿಮೆಯಾದರೆ ಇದು ಸ್ಟೈಪೆಂಡಿನ ದೊಡ್ಡ ತುಂಡನ್ನೇ ನುಂಗುತ್ತದೆ.

ವಜಾ ಪರಿಹಾರದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಖಾಸಗಿ ಅಥವಾ ರಾಜ್ಯದ ಕೆಲಸ ಸೇರಿದರೆ ಅದು ನಿಲ್ಲುವುದಿಲ್ಲ. ಮತ್ತೆ ಫೆಡರಲ್ ಕೆಲಸಕ್ಕೆ ಸೇರಿದರೆ ನಿಲ್ಲುತ್ತದೆ. ಲೆಕ್ಕ ಹೀಗೆ: ಮೊದಲ ಹತ್ತು ವರ್ಷಕ್ಕೆ ವರ್ಷಕ್ಕೊಂದು ವಾರದ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಎರಡು ವಾರ. 14 ವರ್ಷ ದುಡಿದವರಿಗೆ 18 ವಾರ. 40 ದಾಟಿದವರಿಗೆ ವಯಸ್ಸಿನ ಹೆಚ್ಚಳ ಬೇರೆ. ಮರಳಿ ಸರ್ಕಾರಕ್ಕೆ ಹೋಗುವ ಮನಸ್ಸಿದ್ದರೆ ಮರುನೇಮಕ ಆದ್ಯತಾ ಪಟ್ಟಿಗೆ ಬೇರ್ಪಟ್ಟ 30 ದಿನದೊಳಗೆ ಅರ್ಜಿ ಕೊಡಬೇಕು. ಇದು ಸ್ಪರ್ಧಾತ್ಮಕ ಸೇವೆಯ ತನಿಖಾಧಿಕಾರಿಗಳಿಗೆ ಸಿಗುವ ಸೌಲಭ್ಯ. ವಕೀಲ ಹುದ್ದೆಗಳು ಎಕ್ಸೆಪ್ಟೆಡ್ ಸರ್ವಿಸ್‌ಗೆ (ಸ್ಪರ್ಧಾತ್ಮಕ ಸೇವೆಯ ಹೊರಗಿನ ವರ್ಗ) ಸೇರಿದ್ದರಿಂದ ಅದೇ ಹಕ್ಕು ಅವರಿಗಿದೆ ಎಂದುಕೊಳ್ಳಬಾರದು.

ಕನ್ನಡ ಕುಟುಂಬಗಳಿಗೆ ಇದರಿಂದ ಏನು

ಬೇ ಏರಿಯಾ, ನ್ಯೂಜೆರ್ಸಿ, ಟೆಕ್ಸಾಸ್‌ಗಳಲ್ಲಿ ನಮ್ಮವರ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಸರ್ಕಾರಿ ಶಾಲೆಗಳಿಗೆ ಹೋಗುತ್ತಾರೆ. ಊರಿನಿಂದ ಬಂದು ಮೊಮ್ಮಗನನ್ನು ನೋಡಿಕೊಳ್ಳುವ ಅಜ್ಜಿ, ಇಂಗ್ಲಿಷ್ ಸಲೀಸಾಗಿ ಬಾರದ ತಾಯಿ ಶಾಲೆಯ ಸಭೆಯಲ್ಲಿ ತಲೆಯಾಡಿಸಿ ಸಹಿ ಹಾಕಿ ಬರುತ್ತಾರೆ. ಮುಖ್ಯ ಮಾಹಿತಿಯನ್ನು ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸುವ ಕರ್ತವ್ಯ ಟೈಟಲ್ 6ರಿಂದ ಬಂದದ್ದು. ಅದಕ್ಕೆ 1974ರ ಲಾವ್ ವಿರುದ್ಧ ನಿಕೋಲ್ಸ್ ತೀರ್ಪಿನ ಬಲವಿದೆ. ವೀಸಾ ಯಾವುದೇ ಇರಲಿ, ಮಗುವಿಗೆ ಶಾಲೆಯ ಬಾಗಿಲು ತೆರೆದಿರಬೇಕೆಂದು 1982ರ ಪ್ಲೈಲರ್ ತೀರ್ಪು ಹೇಳಿದೆ. ದೂರು ಕೊಟ್ಟರೆ ಎಚ್-1ಬಿಗೆ ತೊಂದರೆಯಾದೀತೆಂಬ ಭಯದಿಂದಲೇ ಸುಮ್ಮನಿರುವವರು ಬಹಳ. ಕನ್ನಡ ಬಲ್ಲ ಫೆಲೋ ಒಬ್ಬರು ಕನ್ನಡ ಕೂಟದ ಸಭೆಯಲ್ಲಿ ಒಂದು ಮಧ್ಯಾಹ್ನ ಕೂತು ಇದನ್ನು ಬಿಡಿಸಿ ಹೇಳಿದರೆ ಎಷ್ಟೋ ಮನೆಗಳಿಗೆ ಧೈರ್ಯ ಬರುತ್ತದೆ. ಹಣ ಕೊಡುವ ಸಂಘಗಳು ಈ ಕೆಲಸವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬಹುದು.

ಅವಧಿ ಮತ್ತು ಒಪ್ಪಿಸಿ ಹೋಗುವುದು

ಒಂದು ವರ್ಷದ ಫೆಲೋಶಿಪ್ ಮತ್ತು ಎರಡು ವರ್ಷದ್ದು ಎರಡೂ ಎದುರಿಗಿದ್ದರೆ, ಸ್ಟೈಪೆಂಡ್ ಸ್ವಲ್ಪ ಕಡಿಮೆಯಾದರೂ ಎರಡು ವರ್ಷದ್ದನ್ನು ಆರಿಸಿ. ಪರವಾನಗಿ, ಹಿತಾಸಕ್ತಿ ಪರಿಶೀಲನೆ, ಪರಿಚಯಗಳಿಗೇ ಮೊದಲ ಕೆಲವು ತಿಂಗಳು ಹೋಗುತ್ತವೆ. ವರ್ಷದ ಕೊನೆಯಲ್ಲಿ ಫೆಲೋ ಹೊರಟರೆ ಪೋಷಕರು ನಡುನೀರಿನಲ್ಲಿ ಉಳಿಯುತ್ತಾರೆ. ಒಂದೇ ವರ್ಷ ಸಿಕ್ಕರೆ, ಎಂಟನೇ ತಿಂಗಳ ನಂತರ ಹೊಸ ದಾವೆಯ ಪ್ರಕರಣ ತೆಗೆದುಕೊಳ್ಳದೆ 60 ದಿನದಲ್ಲಿ ಮುಗಿಯುವ ರಾಜ್ಯ ದೂರುಗಳಿಗೆ ಸೀಮಿತವಾಗಿರಿ.

ಕಡತ ಒಪ್ಪಿಸುವಾಗ ಪ್ರತಿ ಮಗುವಿನ ಹೆಸರಿನ ಮುಂದೆ ನಾಲ್ಕು ದಿನಾಂಕ ಬರೆದಿಡಿ: ಘಟನೆಯ ದಿನ, ಒಸಿಆರ್ ದೂರಿನ 180 ದಿನ ಮುಗಿಯುವ ದಿನ, ಐಡಿಇಎ ರಾಜ್ಯ ದೂರಿನ ಒಂದು ವರ್ಷ ಮುಗಿಯುವ ದಿನ, ಖಾಸಗಿ ದಾವೆಯ ಕಾಲಮಿತಿ. ಕೊನೆಯದು ರಾಜ್ಯದ ಕಾನೂನಿನಂತೆ, ಹೆಚ್ಚಿನ ಕಡೆ ಎರಡೋ ಮೂರೋ ವರ್ಷ. ಒಸಿಆರ್‌ನಲ್ಲಿ ದೂರು ಬಾಕಿ ಇದ್ದರೂ ಆ ಗಡಿಯಾರ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅದೇ ಆರೋಪವನ್ನು ಬೇರೆ ಕಡೆ ಸಲ್ಲಿಸಿದ್ದರಿಂದ ಒಸಿಆರ್ ದೂರನ್ನು ಮುಚ್ಚಿದ್ದರೆ, ಅಲ್ಲಿಯ ವಿಚಾರಣೆ ಮುಗಿದ 60 ದಿನದೊಳಗೆ ಮತ್ತೆ ಸಲ್ಲಿಸಲು ಅವಕಾಶವಿದೆ. ಆ ದಿನಾಂಕವನ್ನೂ ಐದನೆಯದಾಗಿ ಸೇರಿಸಿ, ಒಂದು ಪ್ರತಿಯನ್ನು ಪೋಷಕರ ಕೈಗೇ ಕೊಡಿ.